ಭರಣಿ ಮಳೆ ಕೂಗಿ ಬರಲು ಕಲಿತದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದಾಗ, ಬೆಟ್ಟಗಳು ತಮ್ಮ ತಮ್ಮ ಜಾಗ ಹಿಡಿದು ಕೂತು ಎರಡೇ ದಿನವಾಗಿದ್ದಾಗ, ಮಳೆರಾಯನಿಗೆ ಇಪ್ಪತ್ತೇಳು ಹೆಣ್ಣುಮಕ್ಕಳಿದ್ದರು. ಒಬ್ಬೊಬ್ಬಳಿಗೂ ವರ್ಷದಲ್ಲಿ ಹದಿಮೂರು ಹದಿನಾಲ್ಕು ದಿನ. ಅವರಲ್ಲಿ ವೈಶಾಖದ ಬಿಸಿಲಲ್ಲಿ ಬರುವವಳು ಭರಣಿ. ಹುಡುಗಿ ಒಳ್ಳೆಯವಳೇ, ಆದರೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗುಡುಗಿಲ್ಲ, ಗಾಳಿಯಿಲ್ಲ, ಹೇಳದೆ ಕೇಳದೆ ಬಂದು ದಬದಬ ಸುರಿದುಬಿಡುತ್ತಿದ್ದಳು.

ಬೆಟ್ಟದ ಕೆಳಗಿನ ಕಣಿವೆಯಲ್ಲಿ ಹೊಂಬಾಳಜ್ಜಿ ಇದ್ದಳು. ಅಜ್ಜಿಗೆ ಒಂದು ಎಮ್ಮೆ, ಹೆಸರು ಕರಿಗೌರಿ. ಎಮ್ಮೆಗೆ ಒಂದು ಹೊಂಡ. ಅಜ್ಜಿಗೆ ಎಮ್ಮೆಯೆಂದರೆ ಪ್ರಾಣ, ಎಮ್ಮೆಗೆ ಹೊಂಡವೆಂದರೆ ಪ್ರಾಣ.

ಒಂದು ಮಧ್ಯಾಹ್ನ ಅಜ್ಜಿ ಬಂಡೆಯ ಮೇಲೆ ಸಂಡಿಗೆ ಇಟ್ಟು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಸುರಿದೇಬಿಟ್ಟಳು ಭರಣಿ! ಸಂಡಿಗೆಯೆಲ್ಲ ಗಂಜಿಯಾಗಿ ಹರಿಯಿತು. ಅಜ್ಜಿಯ ಸಿಟ್ಟು ನೆತ್ತಿಗೇರಿತು.

“ಏನಮ್ಮಿ, ಹೇಳೋದಿಲ್ಲ ಕೇಳೋದಿಲ್ಲ, ಹಿಂಗ್ ಬಂದ್ಬುಡೋದಾ? ಹೋಗು, ನಾಳೆ ಬಾ!”

ಭರಣಿಯ ಮುಖ ಸಣ್ಣದಾಯಿತು. ನೇರ ಬೆಟ್ಟಕ್ಕೆ ಓಡಿದಳು. “ಬಾ ಮಗ, ನಂತಾವ ಸಂಡಿಗೆ ಐತಾ, ಹಪ್ಪಳ ಐತಾ?” ಎಂದಿತು ಬೆಟ್ಟ. ಅವಳು ಅಲ್ಲೇ ಸುರಿದಳು.

ಮಾರನೆಯ ದಿನ ಕಣಿವೆಯತ್ತ ಇಣುಕಿದಳು. ‘ಅಜ್ಜಿ ನಾಳೆ ಬಾ ಅಂದಿದ್ದಾಳೆ. ಇದು ಇವತ್ತಲ್ಲವೇ?’ ಎಂದು ತಿರುಗಿಹೋದಳು. ಅದರ ಮಾರನೆಯ ದಿನವೂ ಇಣುಕಿದಳು. ಅದೂ ಇವತ್ತೇ ಆಗಿತ್ತು! ಯಾವತ್ತು ನೋಡಿದರೂ ಇವತ್ತೇ. ಆ ಕಾಲದಲ್ಲಿ ಆಡಿದ ಮಾತನ್ನು ಆಡಿದ ಹಾಗೇ ನಂಬುತ್ತಿದ್ದರು, ಏನು ಮಾಡುವುದು!

ಬೆಟ್ಟದ ಮೇಲೆ ಮಳೆ, ಕಣಿವೆಯಲ್ಲಿ ಬಿಸಿಲು. ಅಜ್ಜಿ ಹಿಗ್ಗಿ ಹೀರೇಕಾಯಿಯಾದಳು. ದಿನಕ್ಕೊಂದು ಬಂಡೆಯ ತುಂಬ ಸಂಡಿಗೆ ಇಟ್ಟಳು.

ಬೆಟ್ಟದ ಮೇಲೆ ಮಳೆ, ಕಣಿವೆಯಲ್ಲಿ ಬಿಸಿಲು. ಬಿದ್ದ ನೀರೆಲ್ಲ ಬೆಟ್ಟದ ಆಚೆ ಬದಿಗೆ ಹರಿದುಹೋಯಿತು. ಈಚೆ ಕರಿಗೌರಿಯ ಹೊಂಡ ಕುಗ್ಗಿ ಕುಗ್ಗಿ ಊಟದ ತಟ್ಟೆಯಷ್ಟಾಯಿತು. ಕರಿಗೌರಿ ತುಂಬು ಗಬ್ಬ. ಬಿರುಕುಬಿಟ್ಟ ಕೆಸರಿನಲ್ಲಿ ಮಲಗಿ ನಾಲಗೆ ಚಾಚಿ ಏದುಸಿರು ಬಿಡುತ್ತಿದ್ದಳು. ಇನ್ನೆರಡು ದಿನ ಹೀಗೇ ಆದರೆ ಎಮ್ಮೆಯೂ ಉಳಿಯದು, ಹೊಟ್ಟೆಯೊಳಗಿನ ಕರುವೂ ಉಳಿಯದು. ಅಜ್ಜಿ ಆಕಾಶದತ್ತ ನೋಡಿದಳು.

ಆಗ ಗಾಳಿ ಬಂದು ಕೂಗಿತು: “ಅಜ್ಜೀ, ಇವತ್ತೇ ಭರಣಿಯ ಕೊನೇ ದಿನ! ಹೊತ್ತು ಮುಳುಗಿದ್ರೆ ಅವಳು ಹೊಂಟೋಯ್ತಾಳೆ. ನಾಳೆಯಿಂದ ಅವಳ ತಂಗಿ ಕೃತ್ತಿಕೆ. ಅವಳೋ, ಒಂದು ಹನಿ ಕೈಬಿಡದ ಜಿಪುಣಿ!”

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆನೋ ಬಿದ್ದೆನೋ ಎಂದು ಬೆಟ್ಟ ಹತ್ತಿದಳು.

“ಭರಣೀ, ತಪ್ಪಾಯ್ತು ಕಣವ್ವಾ! ಇವತ್ತೇ ಬಾ!”

“ಬಂದ್ರೆ ಬೈತೀಯ,” ಎಂದಳು ಭರಣಿ, ಕೆನ್ನೆ ಊದಿಸಿಕೊಂಡು.

“ಹೇಳ್ದೆ ಬಂದ್ರೆ ಬೈತೀನಿ. ನಾನು ಇಳ್ದೋಗಿ ಸಂಡಿಗೆ ಎತ್ತಿಟ್ಕೋತೀನಿ. ನೀನು ಮೊದ್ಲು ಗಾಳೀನ ಕಳ್ಸು. ಆಮೇಲೆ ಇಲ್ಲಿಂದ್ಲೇ ಕೂಗು. ನಾನು ಬಾ ಅಂದ್ಮೇಲೆ ಬಾ.”

“ಮೂರೇ ಸಲ ಕೂಗ್ತೀನಿ. ನೀನು ಬಾ ಅನ್ನಲಿಲ್ಲ ಅಂದ್ರೆ ಹೊರಟೆ.”

ಅಜ್ಜಿ ಇಳಿದು ಬರುವಷ್ಟರಲ್ಲಿ ಸೂರ್ಯ ಅಂಚಿಗೆ ಬಂದಿದ್ದ. ಗಾಳಿ ಧೂಳೆಬ್ಬಿಸಿತು, ತರಗೆಲೆ ಗಿರಗಿರ ತಿರುಗಿದವು. ಅಜ್ಜಿ ಎರಡೂ ಕೈಯಲ್ಲಿ ಸಂಡಿಗೆ ಬಾಚಿ ಬಾಚಿ ಮಡಿಲಿಗೆ ತುಂಬಿಕೊಂಡಳು.

ಗುಡು ಗುಡು ಗುಡು! “ಬರಲಾ?”

“ತಡಿ ತಡಿ!” ಇನ್ನೂ ನಾಲ್ಕು ಬಂಡೆ ಬಾಕಿ.

ಗುಡು ಗುಡು ಗುಡು! “ಬರಲಾ?”

ಕರಿಗೌರಿ ತಲೆ ಎತ್ತಲು ನೋಡಿದಳು, ಆಗಲಿಲ್ಲ. ಅಜ್ಜಿ ಬಂಡೆಗಳತ್ತ ನೋಡಿದಳು. ವರ್ಷದ ಸಂಡಿಗೆ! ಎಮ್ಮೆಯತ್ತ ನೋಡಿದಳು. ಆಕಾಶದಲ್ಲಿ ಸೂರ್ಯನ ಹುಬ್ಬಷ್ಟೇ ಉಳಿದಿತ್ತು.

ಗುಡು ಗುಡು ಗುಡು! “ಬರಲಾ?”

ಅಜ್ಜಿ ಮಡಿಲು ಬಿಟ್ಟಳು. ಬಾಚಿದ್ದೆಲ್ಲ ನೆಲಕ್ಕೆ ಚೆಲ್ಲಿತು. ಎರಡೂ ಕೈ ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದಳು: “ಬಾ! ಬಾರೇ ನಮ್ಮವ್ವಾ!”

ಬಂದಳು ನೋಡಿ ಭರಣಿ! ಎಂಥ ಮಳೆ! ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಎಂದು ಜನ ಹಗುರವಾಗಿ ಮಾತಾಡುತ್ತಾರಲ್ಲ, ಅವರು ಆ ಸಂಜೆ ಕರಿಗೌರಿಯನ್ನು ನೋಡಬೇಕಿತ್ತು. ಬಾಯ್ತೆರೆದು ಕುಡಿದಳು, ಕೆಸರಲ್ಲಿ ಹೊರಳಿದಳು, ಕಣಿವೆಯೆಲ್ಲ ಮೊಳಗುವಂತೆ ಕೂಗಿದಳು. ಗಂಜಿಯಾದ ಸಂಡಿಗೆಯಲ್ಲಿ ನಿಂತು ಅಜ್ಜಿ ನಕ್ಕಳು, ಅತ್ತಳು. ಮೂರನೆಯ ದಿನ ಕರು ಹುಟ್ಟಿತು.

ಅಂದಿನಿಂದ ಭರಣಿ ಹೇಳದೆ ಬರುವುದಿಲ್ಲ. ಆಷಾಢದ ತಂಗಿಯರು ಸದ್ದಿಲ್ಲದೆ ದಿನವಿಡೀ ಸುರಿಯುತ್ತಾರೆ. ಅವರಿಗೆ ಯಾರೂ ಏನೂ ಅಂದಿಲ್ಲವಲ್ಲ! ವೈಶಾಖದಲ್ಲಿ ಮಾತ್ರ ಮೊದಲು ಬೆಟ್ಟ ಕಪ್ಪಾಗುತ್ತದೆ, ಆಮೇಲೆ ಕಣಿವೆಯಲ್ಲಿ ಧೂಳೇಳುತ್ತದೆ, ಆಮೇಲೆ ಗುಡುಗುತ್ತದೆ. ಆಗ ಕಿವಿ ಮುಚ್ಚಿಕೊಳ್ಳಬೇಡಿ ಮಕ್ಕಳೇ, ಅಂಗಳಕ್ಕೆ ಓಡಿ, “ಬಾ!” ಎನ್ನಿ. ಯಾರೂ ಕರೆಯದ ದಿನ ಭರಣಿ ಕೇಳಿ ಕೇಳಿ ಬೆಟ್ಟದ ಮೇಲೆಯೇ ಸುರಿದು ಹೋಗಿಬಿಡುತ್ತಾಳೆ.