ಸವರಿಪಾಳ್ಯದ ನಾನೇಕಲ್ಲು

ನಮ್ಮ ಕ್ರೈಸ್ತರ ಊರಾದ ಸವರಿಪಾಳ್ಯದ ಮಾತೆಯ ಗುಡಿಯ ಎದುರು, ಬಾಗಿಲಿನಿಂದ ಹತ್ತು ಮಾರು ದೂರದಲ್ಲಿ, ಒಂದು ಕರಿಬಂಡೆಯಿದೆ. ಅದರ ಹೆಸರು ನಾನೇಕಲ್ಲು. ಪಟ್ಟಣದಿಂದ ಬರುವವರು ಅದನ್ನು ನಾಣ್ಯಕಲ್ಲು ಎಂದುಕೊಂಡು, ಅಡಿಯಲ್ಲಿ ನಿಧಿ ಇದೆಯೇ ಎಂದು ನನ್ನನ್ನು ಕೇಳುತ್ತಾರೆ. ನಿಧಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಕಿವಿಗೊಟ್ಟು ಕೇಳುವುದಾದರೆ ನಡೆದ ಸಂಗತಿ ಹೇಳುತ್ತೇನೆ.

ಹಿಂದೆ ಒಮ್ಮೆ, ಗುರುಗಳು ವರ್ಷಕ್ಕೊಂದು ಸಲ ಎತ್ತಿನ ಗಾಡಿಯಲ್ಲಿ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದ ಕಾಲದಲ್ಲಿ, ಉಳಿದ ದಿನಗಳ ಜಪ ನಡೆಸಲು ಇನ್ನಾಸಪ್ಪನೆಂಬ ಉಪದೇಶಿ ಇದ್ದನು. ಊರಿನಲ್ಲಿ ಓದು ಬಲ್ಲವನು ಅವನೊಬ್ಬನೇ. ಅವನು ಒಂದು ಸಾಲು ಹೇಳಬೇಕು, ಜನ ಅದನ್ನೇ ತಿರುಗಿ ಹೇಳಬೇಕು. ನಡುವೆ ಅವನು ಕೆಮ್ಮಿದರೆ ಮುದುಕರು ತಾವೂ ಭಕ್ತಿಯಿಂದ ಕೆಮ್ಮುತ್ತಿದ್ದರು ಎನ್ನುತ್ತಾರೆ. ಒಳ್ಳೆಯ ಮನುಷ್ಯನೇ, ಆದರೆ ತನ್ನ ಹೆಸರಿನ ಮೇಲೆ ಮೋಹ ಬಹಳ. ಒಂದು ಹಬ್ಬದ ಹಿಂದಿನ ದಿನ, ಮಾತೆಯ ಮರದ ಸುರೂಪವನ್ನು, ಎಂದರೆ ಪ್ರತಿಮೆಯನ್ನು, ಪೀಠದಿಂದ ಇಳಿಸಲು ನಾಲ್ವರು ಬರುವ ತನಕ ಕಾಯದೆ, ಒಬ್ಬನೇ ಎತ್ತಹೋಗಿ ಕೈ ಜಾರಿಸಿದನು. ಮಾತೆಯ ಬಲಗೈ ಮುರಿದುಬಿತ್ತು. ಜನ ಬಂದು ಬಾಯಿ ಬಡಿದುಕೊಂಡಾಗ ಮಹಾರಾಯ ಸುಳ್ಳನ್ನೂ ಹೇಳಲಿಲ್ಲ. "ಬೆಳಿಗ್ಗೆ ಗುಡಿ ಗುಡಿಸಿದವಳು ಆರೋಗ್ಯಮ್ಮ ಅಲ್ಲವೇ?" ಎಂದು ಕೇಳಿದ, ಅಷ್ಟೇ. ಉಳಿದುದನ್ನು ಊರೇ ಮಾಡಿತು. ವಿಧವೆ ಆರೋಗ್ಯಮ್ಮ "ಆ ತಾಯಾಣೆಗೂ ನಾನಲ್ಲ ಕಣ್ರಪ್ಪೋ" ಎಂದು ಅತ್ತರೂ, ತಪ್ಪೊಪ್ಪುವ ತನಕ ಗುಡಿಯೊಳಗೆ ಕಾಲಿಡಕೂಡದೆಂದರು. ಮಾಡದ ತಪ್ಪನ್ನು ಅವಳು ಒಪ್ಪಲಿಲ್ಲ. ಗುಡಿಯನ್ನು ಬಿಡಲೂ ಇಲ್ಲ. ಎದುರಿನ ಬಂಡೆಯ ಮೇಲೆ ಕುಳಿತು, ಕೇಳಿಸಿದ ಸಾಲಿಗೆಲ್ಲ ಅಲ್ಲಿಂದಲೇ ದನಿಗೂಡಿಸತೊಡಗಿದಳು. ಹೀಗೆ ಮೂರು ವರ್ಷ ಕಳೆದವು. ಇನ್ನಾಸಪ್ಪನಿಗೆ ಅನ್ನ ಸೇರದಾಯಿತು. ಜಪ ಬಾಯಿಂದ ಬರುತ್ತಿತ್ತು, ಮನಸ್ಸಿನಲ್ಲಿ ದೇವರಿರಲಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ, ಇನ್ನಾಸಪ್ಪ ಎದೆ ಬಡಿದುಕೊಳ್ಳುತ್ತ "ನನ್ನ ಪಾಪವೇ, ನನ್ನ ಪಾಪವೇ" ಎಂದು ಹೇಳಿಸುತ್ತಿದ್ದನು. ಗುಡಿಯೆಲ್ಲ ಹೇಳಿ ಮುಗಿಸಿದ ಮೇಲೆ, ಹೊರಗಿನಿಂದ ಒಂಟಿ ದನಿಯೊಂದು ತಡವಾಗಿ "ನನ್ನ ಪಾಪವೇ" ಎಂದಿತು. ಅವನಿಗೆ ಇನ್ನು ತಡೆಯಲಾಗಲಿಲ್ಲ. "ಮಾತೆಯ ಕೈ ಮುರಿದದ್ದು ನಾನೇ" ಎಂದುಬಿಟ್ಟನು. ಜಪದ ಮುಂದಿನ ಸಾಲೆಂದು ತಿಳಿದು ಇಡೀ ಗುಡಿ "ಮಾತೆಯ ಕೈ ಮುರಿದದ್ದು ನಾನೇ" ಎಂದಿತು! ಪಾಪ, ಆರೋಗ್ಯಮ್ಮನೂ ಜಪವೆಂದೇ ನಂಬಿ ಹೊರಗಿನಿಂದ ಅದನ್ನೇ ಹೇಳಿದಳು. ಕೂಡಲೇ ಊರ ಯಜಮಾನ ಎದ್ದು, "ಕೇಳಿದಿರಾ? ಕೊನೆಗೂ ಒಪ್ಪಿಕೊಂಡಳು!" ಎಂದು ಕೂಗಿದನು. ಆ ಗಳಿಗೆಯಲ್ಲಿ ಇನ್ನಾಸಪ್ಪ ಸುಮ್ಮನಿದ್ದರೆ ಸಾಕಿತ್ತು, ಅವನ ಹೆಸರು ಉಳಿಯುತ್ತಿತ್ತು. ಅವನು ಸುಮ್ಮನಿರಲಿಲ್ಲ. "ಅಯ್ಯೋ, ಅವಳಲ್ಲ, ನಾನು!" ಎಂದು ಚೀರಿದನು. "ಅಯ್ಯೋ, ಅವಳಲ್ಲ, ನಾನು!" ಎಂದರು ನಮ್ಮ ಜನ, ಎದೆ ಬಡಿದುಕೊಂಡು. ಅವನು ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಗೋಡಿ, ಬಂಡೆಯ ಮೇಲಿದ್ದ ಆರೋಗ್ಯಮ್ಮನ ಕಾಲು ಹಿಡಿದು, "ನಾನೇ ಕಣವ್ವಾ, ನಾನೇ" ಎಂದು ಬಿಕ್ಕಿಬಿಕ್ಕಿ ಅತ್ತಾಗಲೇ ಊರಿಗೆ ಸಂಗತಿ ತಿಳಿದದ್ದು.

ಆರೋಗ್ಯಮ್ಮ ಅವನ ಕೈಗಳನ್ನು ಬಿಡಿಸಿಕೊಂಡು ಬಂಡೆಯಿಂದ ಇಳಿದಳು. ಆಮೇಲೆ, "ಮುರಿದವನ ಕೈ ಸೇದಿಹೋಗಲಿ ಅಂತ ದಿನಾ ಶಾಪ ಹಾಕ್ತಿದ್ದೆ ಕಣಪ್ಪ. ಅದು ನೀನು ಅಂತ ಗೊತ್ತಿರಲಿಲ್ಲ. ನಂದೂ ಪಾಪವೇ. ಏಳು, ಜಪ ಅರ್ಧಕ್ಕೇ ನಿಂತೈತೆ" ಎಂದು ಅವನ ಕೈಹಿಡಿದು ಒಳಗೆ ಕರೆತಂದಳು. ಓದು ಬಾರದ ಅವಳಿಗೆ ಜಪವೆಲ್ಲ ಬಾಯಿಪಾಠವಾಗಿತ್ತು. ಉಳಿದ ಸಾಲುಗಳನ್ನು ಅಂದು ಅವಳೇ ಹೇಳಿಸಿದಳು. ಇನ್ನಾಸಪ್ಪ ಎಲ್ಲರ ಹಿಂದೆ ಮೊಣಕಾಲೂರಿ ತಿರುಗಿ ಹೇಳಿದನು. ಮೂರು ವರ್ಷಗಳ ಮೇಲೆ ಅವನು ನಿಜವಾಗಿ ಜಪ ಮಾಡಿದ್ದು ಅಂದೇ ಎನ್ನುತ್ತಾರೆ.

ಇಂದಿಗೂ ತಪಸ್ಸುಕಾಲದ ಶುಕ್ರವಾರಗಳಲ್ಲಿ ಬಂದರೆ ನೀವೇ ನೋಡಬಹುದು. ಮನಸ್ಸು ಭಾರವಾದವರು ಗುಡಿಗೆ ಹೋಗುವ ಮುನ್ನ ಈ ಬಂಡೆಯ ಮೇಲೆ ನಿಂತು "ನಾನೇ" ಎನ್ನುತ್ತಾರೆ. ಏನು ಮಾಡಿದೆ ಎಂದು ಯಾರೂ ಕೇಳುವುದಿಲ್ಲ. ಸುತ್ತ ಇದ್ದವರೆಲ್ಲ, ಮಾಡದವರೂ ಸಹ, ಎದೆಯ ಮೇಲೆ ಕೈಯಿಟ್ಟು "ನಾನೇ" ಎಂದು ತಿರುಗಿ ಹೇಳುತ್ತಾರೆ.