ಬಾವಿಯ ಸರದಿ

"ಗುರುಗಳೇ, ಹೊರಗಿನ ಯಾವ ದೇಶವೂ ಒಪ್ಪದ ನಾಡನ್ನು ಆಳುವುದಾದರೂ ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲಾಚೆ ಸೋಮಾಲಿ ಮಾತನಾಡುವ ಒಂದು ನಾಡಿತ್ತು. ಅಲ್ಲಿನ ಜನ ಯುದ್ಧ ಮುಗಿಸಿ, ತಾವೇ ಸಭೆ ಕಟ್ಟಿ, ತಾವೇ ಬಾವುಟ ಏರಿಸಿದ್ದರು. ಅದನ್ನು ದೇಶವೆಂದು ಹೊರಗಿನವರು ಯಾರೂ ಒಪ್ಪಿರಲಿಲ್ಲ. ಸಭೆಗೆ ಕಾನೂನು ಬರೆದುಕೊಡುವ ಒಬ್ಬ ಲಿಪಿಕಾರನಿದ್ದ. ಹೇಗಾದರೂ ತನ್ನ ನಾಡಿಗೆ ಒಪ್ಪಿಗೆ ಸಿಗಬೇಕೆಂಬುದೊಂದೇ ಅವನ ಹಂಬಲ.

ಆಗ ಒಂಟೆ ಕಾಯುವವರು ಬಾವಿಗಳ ಬಳಿ ನೀರಿಗಾಗಿ ಬಡಿದಾಡಿ ಸಾಯುತ್ತಿದ್ದರು. ಮೊದಲು ಬಂದವನಿಗೆ ಮೊದಲು ನೀರು ಎಂದು ಲಿಪಿಕಾರ ಕಾನೂನು ಬರೆದ. ಹೊರಗಿನವರು ಮೆಚ್ಚಲಿ ಎಂದು ಅವರ ಭಾಷೆಯಲ್ಲೇ ಬರೆದ. ಅವರ ದೂತ ಬಂದು ಓದಿದ, ಬಾಯ್ತುಂಬ ಹೊಗಳಿದ, ಬಂದ ದಾರಿಯಲ್ಲೇ ಹೊರಟುಹೋದ. ಅದೇ ವಾರ ಬಾವಿಯ ಬಳಿ ಮತ್ತಿಬ್ಬರು ಸತ್ತರು.

ಲಿಪಿಕಾರನಿಗೆ ನಾಚಿಕೆಯಾಯಿತು. ಆ ಹಾಳೆಯನ್ನು ಹರಿದು, ಸೋಮಾಲಿಯಲ್ಲಿ ಬರೆದುಕೊಂಡು, ತಾನೇ ಬಾವಿಗೆ ಹೋಗಿ ಓದಿದ. ಒಂಟೆ ಕಾಯುವವನೊಬ್ಬ ಎದ್ದು ನಿಂತ.

"ಮೊದಲು ಬರುವವನು ಹತ್ತಿರದವನಲ್ಲವೇನಪ್ಪ? ದೂರದಿಂದ ಮರಿಗಳನ್ನು ನಡೆಸಿಕೊಂಡು ಬಂದವನ ಗತಿಯೇನು?"

ಲಿಪಿಕಾರ ಅಲ್ಲೇ ಕೂತು ತಿದ್ದಿದ. ಎಳೆಮರಿಗಳಿರುವ ಹಿಂಡಿಗೆ ಮೊದಲು ನೀರು ಎಂದಾಯಿತು. ನೀರು ಸೇದುವಾಗ ಹಾಡುವುದು ಆ ಜನರ ವಾಡಿಕೆ. ಸಂಜೆಯೊಳಗೆ ಕಾನೂನು ಹಾಡಾಗಿ ಬಾಯಿಂದ ಬಾಯಿಗೆ ಹೋಯಿತು.

ಬೇಸಗೆಯಲ್ಲಿ ದೂತ ಮತ್ತೆ ಬಂದ. ಲಿಪಿಕಾರ ಅವನನ್ನು ಬಾವಿಗೆ ಕರೆದೊಯ್ದ. ಅಲ್ಲಿ ಕಾವಲಿನವರು ಯಾರೂ ಇರಲಿಲ್ಲ. ಅಂದು ಎದ್ದು ಮಾತಾಡಿದವನೇ ತನ್ನ ಒಂಟೆಗಳೊಂದಿಗೆ ಬಂದಿದ್ದ. ಈ ಸಲ ಅವನ ಹಿಂಡಿನಲ್ಲಿ ಮರಿಗಳಿರಲಿಲ್ಲ. ದಿನಗಟ್ಟಲೆ ನೀರು ಕಾಣದ ಒಂಟೆಗಳು ಹಗ್ಗ ಜಗ್ಗುತ್ತಿದ್ದವು. ಅಷ್ಟರಲ್ಲಿ ಇನ್ನೊಂದು ಕುಲದ ಹಿಂಡು ಮರಿಗಳೊಂದಿಗೆ ಬಂತು. ಹಿಂದೆ ಇದೇ ಬಾವಿಯ ಬಳಿ ಅವನ ತಮ್ಮನನ್ನು ಕೊಂದ ಕುಲ ಅದು. ಅವನು ಹಲ್ಲು ಕಚ್ಚಿ, ತನ್ನ ಒಂಟೆಗಳನ್ನು ಹಿಂದಕ್ಕೆಳೆದು ನಿಂತ.

"ಯಾರೂ ತಡೆಯುವವರಿಲ್ಲ. ಕುಡಿಸಬಾರದೇ?" ಎಂದು ದೂತ ಕೇಳಿದ.

"ನಾನೇ ಎದ್ದುನಿಂತು ಬರೆಸಿದ ಮಾತು ಸ್ವಾಮಿ. ನಾನೇ ಮೀರಲೇ?"

ಲಿಪಿಕಾರನಿಗೆ ಹೆಮ್ಮೆಯಿಂದ ಎದೆ ತುಂಬಿಬಂತು. ಈ ಸಲ ಅವನು ದೂತನ ಮುಂದೆ ಒಪ್ಪಿಗೆಯ ಮಾತನ್ನೇ ಎತ್ತಲಿಲ್ಲ. ನೀರು ಸೇದುವವರ ಜೊತೆ ಹಗ್ಗಕ್ಕೆ ಕೈಹಾಕಿದ. ದೂತ ಈ ಸಲವೂ ಬಂದ ದಾರಿಯಲ್ಲೇ ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಕೊನೆಗೂ ಅವರಿಗೆ ಒಪ್ಪಿಗೆ ಸಿಗಲಿಲ್ಲವೇ ಗುರುಗಳೇ?" ಎಂದು ಶಿಷ್ಯ ಮರುಗಿದ.

"ತಮ್ಮನನ್ನು ಕೊಂದವರಿಗೆ ಸರದಿ ಬಿಟ್ಟು ನಿಂತನಲ್ಲ, ಅವನು ಕೊಟ್ಟದ್ದು ಒಪ್ಪಿಗೆಯಲ್ಲದೆ ಮತ್ತೇನಪ್ಪ?"