ವಿಷ್ಣುಕ್ರಾಂತಿ ನುಂಗಿಕೊಂಡ ಮಾತು

ಆಗ ಭೂಮಿ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ಆಡಿದ ಮಾತು ಆಡಿದ ಹಾಗೆಯೇ ನಡೆದುಬಿಡುವ ಕಾಲ ಅದು.

ಒಂದು ಹಳ್ಳದ ದಂಡೆಯಲ್ಲಿ ವಿಷ್ಣುಕ್ರಾಂತಿ ಗಿಡ ನೆಟ್ಟಗೆ ನಿಂತಿತ್ತು. ಅದರ ನೀಲಿ ಹೂ ದಿನವಿಡೀ ಅರಳಿರುತ್ತಿತ್ತು. ಹಳ್ಳದ ನೀರಿನಲ್ಲಿ ಮುಖ ನೋಡಿಕೊಳ್ಳುವುದು, ಹಳ್ಳದ ಮಾತು ತಿದ್ದುವುದು, ಇವೆರಡೇ ಅದರ ಕೆಲಸ.

"ಗುಳುಗುಳು ಅನ್ನಬೇಡ. ಬಿಡಿಸಿ ಮಾತಾಡು."

"ಆಗಲಿ ಅಕ್ಕಾ," ಎಂದು ಹಳ್ಳ ಗುಳುಗುಳು ನಗುತ್ತಿತ್ತು.

ಒಂದು ಬೆಳಿಗ್ಗೆ ಹಳ್ಳ ಹೇಳಿತು, "ಅಕ್ಕಾ, ಕೆಳಗಿನ ಬಯಲಿಗೆ ಬಾಯಾರಿಕೆಯಂತೆ, ಕರೀತಿದೆ. ನಾನು ಬರ್ತೀನಿ."

ತನ್ನನ್ನು ಬಿಟ್ಟು ಹೊರಟಿತಲ್ಲ ಎಂದು ವಿಷ್ಣುಕ್ರಾಂತಿಗೆ ಚುರುಕ್ ಎಂದಿತು. ಅದನ್ನು ತೋರಿಸಿಕೊಳ್ಳಲಿಲ್ಲ.

"ಹೋಗುವವಳು ಬರ್ತೀನಿ ಅಂತಾಳೇನೆ? ಹೋಗ್ತೀನಿ ಅನ್ನು."

"ಹಾಗನ್ನಬಾರದಕ್ಕಾ, ಹಿಂದಿರುಗುವ ದಾರಿ ಮುಚ್ಚಿಹೋಗುತ್ತೆ. ನೀನು 'ಹೋಗಿ ಬಾ' ಅನ್ನು, ಹೊರಡ್ತೀನಿ."

"ಹೋಗು," ಎಂದಿತು ವಿಷ್ಣುಕ್ರಾಂತಿ. ಅಷ್ಟೇ.

ಹಳ್ಳ ಹೋಗಲಿಲ್ಲ. ಕಲ್ಲುಗಳ ನಡುವೆ ಸುತ್ತಿ ಸುತ್ತಿ ಕಾಯಿತು.

ಕಲ್ಲಿನ ಸಂದಿಯಲ್ಲಿ ಮೊಟ್ಟೆಯಿಟ್ಟಿದ್ದ ಟಿಟ್ಟಿಭ ಹಕ್ಕಿ ಸಣ್ಣ ಕಾಲಿನಲ್ಲಿ ಓಡಿ ಬಂತು. "ಏನೇ ಬಿಗುಮಾನದವಳೇ! 'ಬಾ' ಅನ್ನೋಕೆ ಒಂದಕ್ಷರ ಸಾಕು. ಅದಕ್ಕೂ ನಿನ್ನ ಹತ್ತಿರ ಬರವೇ? ಅಂದುಬಿಡೇ!"

ಅನ್ನಬೇಕು ಎನಿಸಿತು ವಿಷ್ಣುಕ್ರಾಂತಿಗೆ. ಅನ್ನಲಿಲ್ಲ. ಅವಳೇ ಇನ್ನೊಮ್ಮೆ ಕೇಳಲಿ, ಆಗ ಅಂದರಾಯಿತು ಎಂದು ತುಟಿ ಬಿಗಿಹಿಡಿಯಿತು.

ಬಯಲು ಮತ್ತೆ ಕರೆಯಿತು. ಸೂರ್ಯ ನೆತ್ತಿಗೆ ಬಂದ. ಕಾದು ಕಾದು ಹಳ್ಳ ಹೊರಟೇಹೋಯಿತು, ಸದ್ದಿಲ್ಲದೆ.

"ಬಾ!" ಎಂದಿತು ಆಗ ವಿಷ್ಣುಕ್ರಾಂತಿ. "ಬಾ! ಬಾರೇ!"

ಕೇಳಲು ಅಲ್ಲಿ ಕಲ್ಲುಗಳಷ್ಟೇ ಇದ್ದವು.

ನೆಟ್ಟಗಿದ್ದ ಗಿಡ ಬಾಗಿತು. ನೆಲಕ್ಕೆ ಕಿವಿಯಿಟ್ಟಿತು. ಹಳ್ಳ ಎತ್ತಲಿಂದಾದರೂ ಹಿಂದಿರುಗೀತೆಂದು ಈ ಕಡೆ ಒಂದು ಕಡ್ಡಿ ಚಾಚಿತು, ಆ ಕಡೆ ಒಂದು ಕಡ್ಡಿ ಚಾಚಿತು.

"ಎಲ್ಲಾದರೂ ಕಂಡೆಯಾ?" ಎಂದು ಟಿಟ್ಟಿಭವನ್ನು ಕೇಳಿತು.

"ಇಲ್ಲ ಕಣೇ," ಎಂದಿತು ಟಿಟ್ಟಿಭ. ಈ ಸಲ ಅದು ಹಂಗಿಸಲಿಲ್ಲ.

ಅಂದಿನಿಂದ ವಿಷ್ಣುಕ್ರಾಂತಿ ನೀರಿಲ್ಲದ ಗರಸು ನೆಲದಲ್ಲಿ, ಮಣ್ಣಿಗೆ ಅಂಟಿಕೊಂಡೇ ಸುತ್ತಲೂ ಹಬ್ಬುತ್ತದೆ. ನೀವು ಮಧ್ಯಾಹ್ನ ಆಡಲು ಹೋದರೆ ಅದರ ಒಂದು ಹೂವೂ ಕಾಣುವುದಿಲ್ಲ. ಬೆಳಗಾಗುತ್ತಲೇ ಪುಟ್ಟ ನೀಲಿ ಬಾಯಿ ತೆರೆದು ಅದು 'ಬಾ' ಎನ್ನುತ್ತದೆ, ಹಳ್ಳ ಹೊರಟುಹೋದ ಹೊತ್ತು ಬಂದೊಡನೆ ಮುಚ್ಚಿಕೊಳ್ಳುತ್ತದೆ.